ಕೈಗುಣ ಮತ್ತು ಕಿಟಕಿ

ಸಸ್ಯವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಜನ ನನಗೆ ಗಿಡಗಳ ಫೋಟೋ ಕಳಿಸತೊಡಗುತ್ತಾರೆ. ಹಳದಿಯಾದ ಮನಿ ಪ್ಲಾಂಟ್, ಬುಡ ಕೊಳೆತ ಸ್ನೇಕ್ ಪ್ಲಾಂಟ್, ಬರೀ ಕಡ್ಡಿ ಉಳಿದ ತುಳಸಿ. (ಥೀಸಿಸ್ ಎಲ್ಲಿಗೆ ಬಂತು ಎಂದು ಯಾರೂ ಕೇಳುವುದಿಲ್ಲ, ಅಷ್ಟು ಪುಣ್ಯ.) ಫೋಟೋದ ಕೆಳಗೆ ಹೆಚ್ಚುಕಡಿಮೆ ಒಂದೇ ಸಾಲು: ‘ನನ್ನ ಕೈಗುಣಾನೇ ಸರಿಯಿಲ್ಲ ಅನ್ಸತ್ತೆ.’

ಈ ಕೈಗುಣ ಎಂಬ ಮಾತನ್ನು ಕಂಡರೆ ನನಗೆ ಸಿಟ್ಟು. ಅಜ್ಜಿ ಒಣ ಕಡ್ಡಿ ನೆಟ್ಟರೂ ಚಿಗುರುತ್ತಿತ್ತು ಎನ್ನುತ್ತೇವೆ. ಅಜ್ಜಿ ತುಳಸಿ ನೆಟ್ಟಿದ್ದು ಅಂಗಳದ ನಡುವೆ, ಕೆಸು ನೆಟ್ಟಿದ್ದು ಬಚ್ಚಲ ನೀರು ಹರಿಯುವಲ್ಲಿ, ದೊಡ್ಡಪತ್ರೆ ಇಟ್ಟಿದ್ದು ಬೆಳಗಿನ ಬಿಸಿಲು ಬೀಳುವ ಕಟ್ಟೆಯ ಮೇಲೆ. ಯಾವ ಗಿಡಕ್ಕೆ ಯಾವ ಜಾಗ ಒಗ್ಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು, ಆ ಜಾಗವೂ ಆಕೆಯ ಬಳಿ ಇತ್ತು. ಜಾಗ ನಮ್ಮ ಕೈತಪ್ಪಿದೆ. ಕೈಗುಣದ ದೂರು ಮಾತ್ರ ಉಳಿದುಕೊಂಡಿದೆ.

ನರ್ಸರಿಯವರು ಮಾರುವ ‘ಇಂಡೋರ್ ಪ್ಲಾಂಟ್’ ಎಂಬ ಜಾತಿ ಭೂಮಿಯ ಮೇಲೆ ಎಲ್ಲೂ ಹುಟ್ಟಿಲ್ಲ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದ ಬಳ್ಳಿ. ನಮ್ಮೂರಲ್ಲೇ ಅದು ಮಾವಿನ ಮರ ಹತ್ತಿದರೆ ಎಲೆಗಳು ಊಟದ ತಟ್ಟೆಯಗಲ ಆಗುತ್ತವೆ. ಬಾಟಲಿಯಲ್ಲಿ ಬೆರಳಗಲದ ನಾಲ್ಕು ಎಲೆ ಬಿಟ್ಟುಕೊಂಡು ಕೂತಿರುವುದೂ ಅದೇ ಬಳ್ಳಿ. ಅಂಗಡಿಯ ಚೀಟಿಯಲ್ಲಿ ‘ಬೆಳಕು ಬೇಕಿಲ್ಲ’ ಎಂದಿದ್ದರೆ, ‘ಹಸಿವು ತಡೆದುಕೊಳ್ಳುತ್ತದೆ’ ಎಂದು ಓದಿಕೊಳ್ಳಿ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ದೊಡ್ಡ ಮೋಸಗಾರ. ಮಧ್ಯಾಹ್ನದ ಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ಕಿಟಕಿಯಿಂದ ದೂರದ ಸೋಫಾದ ಮೂಲೆಯಲ್ಲಿ ನೂರಿನ್ನೂರು ಇದ್ದರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ನಮಗೆ ಎರಡೂ ‘ಬೆಳಕು’ ಅನ್ನಿಸುತ್ತದೆ. ಗಿಡಕ್ಕೆ ಹಾಗೆ ಹೊಂದಿಕೊಳ್ಳುವ ಕಣ್ಣಿಲ್ಲ, ಅದಕ್ಕೆ ಬೆಳಕೇ ಊಟ. ಉಸಿರಾಟಕ್ಕೆ ಖರ್ಚಾಗುವಷ್ಟೂ ಆಹಾರ ತಯಾರಾಗದಿದ್ದರೆ ಅದು ಕೂಡಿಟ್ಟದ್ದನ್ನು ಕರಗಿಸಿ ಬದುಕುತ್ತದೆ, ಫೆಲೋಶಿಪ್ ತಡವಾದಾಗ ನಾವು ಮಾಡುವ ಹಾಗೆ. ಹಾಗೆ ಆರು ತಿಂಗಳು ನಿಂತ ಗಿಡವನ್ನು ‘ಚೆನ್ನಾಗಿ ಹೊಂದಿಕೊಂಡಿದೆ’ ಎನ್ನುತ್ತೇವೆ.

ಬೆಳಕಿಲ್ಲದ ಗಿಡ ನೀರನ್ನೂ ಅಷ್ಟಾಗಿ ಕುಡಿಯುವುದಿಲ್ಲ. ಮಣ್ಣು ಒದ್ದೆಯಾಗಿಯೇ ಉಳಿದು, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಎಲೆ ಜೋತು ಬೀಳುತ್ತದೆ. ನೋಡಿದವರಿಗೆ ಬಾಯಾರಿಕೆಯಂತೆ ಕಾಣುತ್ತದೆ, ಇನ್ನೊಂದು ಲೋಟ ಸುರಿಯುತ್ತಾರೆ. ‘ದಿನಕ್ಕೊಂದು ಲೋಟ’ ಎಂದು ಹೇಳಿಕೊಟ್ಟವರನ್ನು ನಾನು ಕ್ಷಮಿಸಲಾರೆ. ಜುಲೈಗೂ ಏಪ್ರಿಲ್‌ಗೂ ಒಂದೇ ಲೆಕ್ಕವೇ? ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ನೀರು ಹಾಕಿ, ಇಲ್ಲದಿದ್ದರೆ ಸುಮ್ಮನಿರಿ. ಕುಂಡದ ತಳಕ್ಕೆ ತೂತಿರಲಿ. ಉಳಿದದ್ದೆಲ್ಲ ಆಮೇಲೆ.

ಗಾಳಿ ಶುದ್ಧವಾಗುತ್ತದೆ ಎಂಬ ಜಾಹೀರಾತು ಇನ್ನೂ ನಡೆಯುತ್ತಲೇ ಇದೆ. ಅದರ ಮೂಲ ನಾಸಾ 1989ರಲ್ಲಿ ಪ್ರಕಟಿಸಿದ ವರದಿ. ಪ್ರಯೋಗ ಮಾಡಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯಾಟಕ್ಕೆ ಗಿಡಗಳು ಸಾಟಿಯಾಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು. ನನ್ನ ಪಿಜಿ ರೂಮಿನಲ್ಲಿ ಅಷ್ಟು ಇಟ್ಟರೆ ಮಲಗಲು ನಾನು ಕಾರಿಡಾರಿಗೆ ಹೋಗಬೇಕು. ಕಿಟಕಿ ತೆರೆದರೆ ಮುಗಿಯುವ ಕೆಲಸ ಅದು.

ಕಿಟಕಿ ಇದ್ದರೆ, ಅನ್ನಿ. ಬೆಂಗಳೂರಿನಲ್ಲಿ ನಾನು ನೋಡಿದ ಬಾಡಿಗೆ ರೂಮುಗಳಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಕೆಲವದರಲ್ಲಿ ಕಿಟಕಿ ಇರುವುದೇ ಕಾರಿಡಾರಿನ ಕಡೆಗೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣಹವೆಯ ಊರುಗಳಲ್ಲೂ ವಾಸದ ಕೋಣೆಗೆ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಗಾಳಿ ಬೆಳಕಿನ ತೆರಪು ಇರಬೇಕೆನ್ನುತ್ತದೆ. ಎದುರಿನ ಗೋಡೆಗೆ ತೆರೆದುಕೊಂಡ ಕಿಟಕಿಯೂ ಅಳತೆಪಟ್ಟಿಯಲ್ಲಿ ಕಿಟಕಿಯೇ. ಅಂಥ ಕೋಣೆಯಲ್ಲಿ ಗಿಡ ಸತ್ತರೆ ಬಾಡಿಗೆದಾರ ತನ್ನ ಕೈಯನ್ನು ಬೈದುಕೊಳ್ಳುತ್ತಾನೆ, ಇನ್ನೊಂದು ಗಿಡ ತರುತ್ತಾನೆ, ಆಮೇಲೆ ದ್ರವಗೊಬ್ಬರ, ಆಮೇಲೆ ಗ್ರೋ ಲೈಟ್. ಗ್ರೋ ಲೈಟ್ ಕೆಲಸ ಮಾಡುತ್ತದೆ, ಸುಳ್ಳಲ್ಲ. ಸೂರ್ಯನಿಂದ ಪುಕ್ಕಟೆ ಬರಬೇಕಾದದ್ದಕ್ಕೆ ತಿಂಗಳ ಕರೆಂಟ್ ಬಿಲ್ ಕಟ್ಟಬೇಕು, ಅಷ್ಟೇ. ಗಿಡಕ್ಕಾದರೂ ದೀಪ ಸಿಕ್ಕಿತು; ಅದೇ ಕೋಣೆಯಲ್ಲಿ ಹಗಲಿಡೀ ಕೂತು ಓದುವವರ ಬಗ್ಗೆ ಯಾರೂ ಫೋಟೋ ಕಳಿಸಿ ಕೇಳುವುದಿಲ್ಲ.

ಈಗ ಫೋಟೋ ಕಳಿಸಿದವರಿಗೆಲ್ಲ ನಾನು ಹೇಳುವುದು ಇಷ್ಟು. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಆರಿಸಿ, ಗಿಡವಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಗಿಡ ಬದುಕುತ್ತದೆ. ಮಸುಕಾಗಿ ಬಿದ್ದರೆ ಕುಂಡವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ. ಕೋಣೆಯಲ್ಲಿ ಎಲ್ಲಿಟ್ಟರೂ ನೆರಳೇ ಬೀಳದಿದ್ದರೆ ಗಿಡವನ್ನು ಬಿಸಿಲಿರುವ ಮನೆಯವರಿಗೆ ಕೊಟ್ಟುಬಿಡಿ. ಹಾಳೆಯನ್ನು ಮಾತ್ರ ಜೋಪಾನವಾಗಿಟ್ಟುಕೊಳ್ಳಿ, ಮುಂದಿನ ಸಲ ಓನರ್ ಬಾಡಿಗೆ ಏರಿಸಲು ಬಂದಾಗ ಅವರೆದುರಿಗೇ ಹಾಸಿ ಕೈ ಹಿಡಿದು ತೋರಿಸಿ.