ಮಚ್ಚೆಯನ್ನು ಅಳಿಸಬೇಕೆ?

ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವಾಗ ಪ್ರತಿಯೊಬ್ಬ ವಿದ್ಯಾರ್ಥಿಯ ಗುರುತಿನ ಚಿಹ್ನೆಗಳನ್ನೂ ಬರೆಯಬೇಕಾಗುತ್ತದೆ. ಬಲಗೆನ್ನೆಯ ಮೇಲೊಂದು ಮಚ್ಚೆ, ಎಡಹುಬ್ಬಿನ ಬಳಿ ಗಾಯದ ಕಲೆ ಎಂದು ಗುರುಗಳು ಮುಖವನ್ನು ನೋಡಿ ಬರೆದುಕೊಳ್ಳುತ್ತಾರೆ. ಅದೇ ಅರ್ಜಿಗೆಂದು ಮಲ್ಕಾಜ್‌ಗಿರಿಯ ಸ್ಟುಡಿಯೋದಲ್ಲಿ ತೆಗೆಸಿದ ಭಾವಚಿತ್ರ ಕೈಗೆ ಬಂದಾಗ ನೋಡಿದರೆ, ಎಷ್ಟೋ ವೇಳೆ ಆ ಮಚ್ಚೆಯೂ ಇಲ್ಲ, ಆ ಕಲೆಯೂ ಇಲ್ಲ. ಮೈಬಣ್ಣವೂ ಒಂದೆರಡು ಪಾಲು ತಿಳಿಯಾಗಿದೆ. ಬರವಣಿಗೆಯಲ್ಲಿರುವ ಹುಡುಗ ಒಬ್ಬ, ಪಕ್ಕದಲ್ಲಿ ಅಂಟಿಸಿದ ಹುಡುಗ ಮತ್ತೊಬ್ಬ! ಇದು ಬರಿಯ ನಗೆಯ ಮಾತೆಂದು ನಮಗೆ ತೋರುವುದಿಲ್ಲ.

ಚಿತ್ರವನ್ನು ತಿದ್ದುವುದೇ ತಪ್ಪೆಂಬುದು ನಮ್ಮ ಅಭಿಪ್ರಾಯವಲ್ಲ. ಆ ವಿದ್ಯೆ ಬಹಳ ಹಳೆಯದು. ನಮ್ಮ ನೆರೆಯ ಸಿಕಂದರಾಬಾದಿನಲ್ಲಿಯೇ ರಾಜಾ ದೀನ್ ದಯಾಳರು (1844–1905) ಸ್ಟುಡಿಯೋ ನಡೆಸಿದ್ದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಬಂದ ಅವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು. ಪರದೆಯಲ್ಲಿರುವ ಸ್ತ್ರೀಯರಿಗಾಗಿ 1892ರಲ್ಲಿ ಬೇರೆಯೇ ಒಂದು ಸ್ಟುಡಿಯೋ ತೆರೆದು, ಅದನ್ನು ಆಂಗ್ಲ ಮಹಿಳೆಯೊಬ್ಬರ ವಶಕ್ಕೆ ಒಪ್ಪಿಸಿದರು. ಅವರ 2,500ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಆ ಕಾಲದ ಗಾಜಿನ ಫಲಕಗಳಿಗೆ ಒಂದು ದೋಷವಿತ್ತು. ನೀಲಿಯ ಬೆಳಕು ಅವಕ್ಕೆ ಚೆನ್ನಾಗಿ ತಾಗುತ್ತಿತ್ತು. ಕೆಂಪು ಹಳದಿಗಳ ಬೆಳಕು ತಾಗುತ್ತಿದ್ದುದು ಅತ್ಯಲ್ಪ. ಆದುದರಿಂದ ಕಂದು ಮೈಬಣ್ಣವು ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ಎದುರು ನಿಂತವರಿಗೆ ಹೆಚ್ಚಾಗಿ ಕಾಣದ ಕೆಂಪು ಮೊಡವೆಯು ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತಿತ್ತು. ನೆಗೆಟಿವ್‌ನಲ್ಲಿ ಇದೆಲ್ಲವೂ ತಿರುಗುಮುರುಗಾದುದರಿಂದ ಕಪ್ಪು ಚುಕ್ಕೆ ಅಲ್ಲಿ ತಿಳಿಯಾಗಿರುತ್ತದೆ. ತಿದ್ದುವವನು ಗಾಜನ್ನು ಇಳಿಜಾರಾದ ಮೇಜಿನ ಮೇಲಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ವಾರ್ನಿಷ್ ಬಳಿದ ಮೈಮೇಲೆ ಸೂಜಿಯ ಮೊನೆಯಂಥ ಸೀಸದ ಕಡ್ಡಿಯಿಂದ ಆ ತಿಳಿಚುಕ್ಕೆಗಳನ್ನು ಒಂದೊಂದಾಗಿ ತುಂಬಬೇಕಾಗಿತ್ತು. ಕಪ್ಪಾಗಬೇಕಾದೆಡೆ ಚಾಕುವಿನಿಂದ ಮೆಲ್ಲನೆ ಕೆರೆಯುವುದೂ ಉಂಟು. ಕೈ ಜಾರಿತೋ, ಫಲಕವೇ ಹಾಳು! ಹಣ ಕೊಡುವವರ ಸುಕ್ಕುಗಳು ಆ ಸೀಸದ ಕಡ್ಡಿಗೂ ಬೇಗ ಕಾಣುತ್ತಿದ್ದುವೆಂಬುದನ್ನು ನಾವು ಬಲ್ಲೆವು. ಆದರೂ ಯಂತ್ರವು ಮಾಡಿದ ತಪ್ಪನ್ನು ಮನುಷ್ಯನ ಕಣ್ಣು ಸರಿಪಡಿಸುವುದು ಆ ಕೆಲಸದ ಒಂದು ಮುಖ್ಯ ಪ್ರಯೋಜನವಾಗಿತ್ತು.

ಇಂದು ಅದು ತಲೆಕೆಳಗಾಗಿದೆ. 1990ರಲ್ಲಿ ಫೋಟೋಶಾಪ್ ಹೊರಬಂದ ಮೇಲೆ ಸೀಸದ ಕಡ್ಡಿಯ ಕೆಲಸ ಕ್ರಮೇಣ ಗಣಕಯಂತ್ರಕ್ಕೆ ಸೇರಿತು. ಈಗಿನ ಕ್ಯಾಮರಾ ನಮ್ಮ ಬಣ್ಣವನ್ನು ಹೆಚ್ಚುಕಡಮೆ ಇದ್ದಂತೆಯೇ ಹಿಡಿಯಬಲ್ಲುದು. ಅನಂತರ ಒಂದು ಗುಂಡಿಯನ್ನೊತ್ತಿ ಅದನ್ನು ಕೆಡಿಸುತ್ತಾರೆ. ಎಷ್ಟೋ ಮೊಬೈಲುಗಳಲ್ಲಿ ಆ ಗುಂಡಿಯೂ ಬೇಕಿಲ್ಲ. ಈ ಮಚ್ಚೆ ಇರಲೋ ಹೋಗಲೋ ಎಂದು ಒಂದು ಕ್ಷಣವಾದರೂ ಯೋಚಿಸುವವರು ಯಾರೂ ಇಲ್ಲದೆಯೇ ಅದು ಹೋಗಿಬಿಡುತ್ತದೆ.

ಸ್ಟುಡಿಯೋದವರನ್ನು ದೂರಿ ಫಲವಿಲ್ಲ. "ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ" ಎಂದು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುವವರು ನಮ್ಮ ಮನೆಯ ಹಿರಿಯರೇ. ಆ ಹುಡುಗಿ ಪಕ್ಕದಲ್ಲಿಯೇ ನಿಂತಿರುತ್ತಾಳೆ. ತನ್ನ ಮುಖ ಇದ್ದಂತೆಯೇ ಕಾಗದದ ಮೇಲೆ ಬರತಕ್ಕದ್ದಲ್ಲವೆಂಬ ಪಾಠವನ್ನು ಅವಳು ಅಲ್ಲಿ ಕಲಿಯುತ್ತಾಳೆ. ಶಾಲೆಯ ಯಾವ ಪಾಠವೂ ಇಷ್ಟು ಬೇಗ ಮನಸ್ಸಿಗೆ ನಾಟುವುದಿಲ್ಲ. ಫ್ರಾನ್ಸಿನಲ್ಲಿ, ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತಿನ ಮೇಲೆ ಇದು ತಿದ್ದಿದ ಚಿತ್ರವೆಂದು ಅಚ್ಚುಹಾಕಬೇಕೆಂಬ ಕಟ್ಟಳೆ 2017ರಿಂದ ಜಾರಿಗೆ ಬಂದಿದೆ. ಮನೆಯ ಗೋಡೆಯ ಚಿತ್ರಕ್ಕೆ ಅಂಥ ಕಟ್ಟಳೆಯನ್ನು ಯಾವ ಸರ್ಕಾರವೂ ತರಲಾರದು, ತರಬೇಕಾಗಿಯೂ ಇಲ್ಲ.

ಹಾಗಾದರೆ ಎಲ್ಲಿಯವರೆಗೆ ತಿದ್ದಬಹುದು? ವಾರದಲ್ಲಿ ತಾನಾಗಿ ಮಾಯುವ ಮೊಡವೆ, ಮಸೂರದ ಮೇಲಿನ ಧೂಳು, ಕನ್ನಡಕದಲ್ಲಿ ಹೊಳೆದ ದೀಪ ಇವು ಹೋದರೆ ಯಾರಿಗೂ ನಷ್ಟವಿಲ್ಲ. ಹುಟ್ಟಿನೊಡನೆ ಬಂದ ಬಣ್ಣ, ಮಚ್ಚೆ, ಮರದಿಂದ ಬಿದ್ದಾಗ ಆದ ಕಲೆ ಇವು ನಮ್ಮ ಸ್ವತ್ತು, ಕೇಳದೆ ಮುಟ್ಟಕೂಡದು. ಇನ್ನೊಂದು ಕಡೆ ತಿದ್ದುವವನಿಗೆ ಕೈಮುಗಿಯಬೇಕಾದುದೂ ಉಂಟು. ಅಜ್ಜಿ ತೀರಿಕೊಂಡ ಮೇಲೆ ಹುಡುಕಿದರೆ ಸಿಕ್ಕುವುದು ಯಾರದೋ ಮದುವೆಯ ಗುಂಪುಚಿತ್ರದ ಮೂಲೆಯಲ್ಲಿನ ಹೆಬ್ಬೆರಳಿನಷ್ಟು ಮುಖ. ಅದನ್ನು ಬಿಡಿಸಿ, ಹಿಗ್ಗಿಸಿ, ಮಾಸಿದ ಕಣ್ಣಿಗೆ ಬೆಳಕು ಕೊಟ್ಟು, ಮೂಗುತಿಯನ್ನು ಮರೆಯದೆ ಗೋಡೆಗೆ ಏರಿಸುವವನು ಸಾಮಾನ್ಯ ಕುಶಲಿಯಲ್ಲ.

ಈ ಸಂಚಿಕೆಯಲ್ಲಿ ಅಚ್ಚಾದ ತರಗತಿಗಳ ಗುಂಪುಚಿತ್ರಗಳನ್ನು ತೆಗೆಸುವಾಗ, ಯಾರ ಬಣ್ಣವನ್ನೂ ಬದಲಿಸಕೂಡದೆಂದು ನಾವು ಮೊದಲೇ ಹೇಳಿದ್ದೆವು. ಛಾಯಾಗ್ರಾಹಕರಿಗೆ ಇದು ತುಸು ವಿಚಿತ್ರವೆನಿಸಿದರೂ ಒಪ್ಪಿದರು. ಒಂಬತ್ತನೆಯ ತರಗತಿಯ ಚಿತ್ರದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಕಣ್ಣು ಮುಚ್ಚಿಬಿಟ್ಟಿದ್ದ. ಅದೇ ಗಳಿಗೆಯಲ್ಲಿ ತೆಗೆದ ಇನ್ನೊಂದು ಚಿತ್ರದಿಂದ ಅವನ ಕಣ್ಣುಗಳನ್ನೇ ತಂದು ಕೂಡಿಸಲೇ ಎಂದು ಅವರು ಕೇಳಿದರು. ಹುಡುಗನನ್ನು ಕರೆಸಿ ವಿಚಾರಿಸಿದೆವು, ಆಗಲಿ ಎಂದ. ಕೂಡಿಸಿದ್ದಾರೆ.