ಕೊಟ್ಟಿಗೆಯಲ್ಲಿ ಎಣಿಸುವ ಆಟ

ಅಕ್ಕತಂಗಿಯರೇ,

ಚಿಕ್ಕವರಿದ್ದಾಗ ದನ ಮೇಯಿಸಲು ಹೋದವರು ನಿಮ್ಮಲ್ಲಿ ಬಹಳ ಜನ. ನೆಲದಲ್ಲಿ ಗುಳಿ ತೋಡಿ ಅಳಗುಳಿ ಆಡಿದ್ದೀರಿ, ಕುಂಟೆಬಿಲ್ಲೆ ಆಡಿದ್ದೀರಿ. ಅದೂ ಬೇಜಾರಾದರೆ, ಮಲಗಿದ ಹಸು ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಅಂತ ಪಂತ ಕಟ್ಟಿ ಎಣಿಸಿದ್ದೀರಿ. ‘ನುಂಗಿದ್ದು ಮತ್ತೆ ಬಾಯಿಗೆ ಯಾಕೆ ಬರುತ್ತೆ?’ ಎಂದು ಕೇಳಿದರೆ ‘ಸುಮ್ನೆ ಸಗಣಿ ಬಾಚು’ ಎಂಬ ಉತ್ತರ ಸಿಗುತ್ತಿತ್ತು. ಆಮೇಲೆ ಮದುವೆ, ಮಕ್ಕಳು, ಎರಡು ಹೊತ್ತು ಡೇರಿಗೆ ಓಟ. ಕೇಳುವುದೇ ನಿಂತುಹೋಯಿತು. ಹೈನುಗಾರಿಕೆಯಲ್ಲಿ ನಾವು ಸುಮ್ಮನೆ ಕಳೆದುಕೊಂಡ ಬಂಡವಾಳ ಅದು ಎಂದು ನನಗನ್ನಿಸುತ್ತದೆ.

ಆ ಪಂತವನ್ನೇ ಮತ್ತೆ ಆಡಿ ನೋಡಿ. ಆರೋಗ್ಯವಾಗಿರುವ ಹಸು ಒಂದು ತುತ್ತನ್ನು ಸಾಮಾನ್ಯವಾಗಿ 50ರಿಂದ 60 ಸಲ ಅಗಿಯುತ್ತದೆ. ದಿನಕ್ಕೆ ಏಳೆಂಟು ಗಂಟೆ ಅದಕ್ಕೆ ಮೆಲುಕಿನದೇ ಕೆಲಸ. ದಿನವೂ 55 ಎಣಿಸುತ್ತಿದ್ದ ನಿಮ್ಮ ಗೌರಿ ಇವತ್ತು 35ಕ್ಕೇ ನುಂಗಿದರೆ ಏನೋ ಇದೆ. ಹಿಂಡಿ ಹೆಚ್ಚಾಗಿ ಒಣಮೇವು ಕಡಿಮೆಯಾಗಿರಬಹುದು, ಹೊಟ್ಟೆ ಹುಳಿಯಾಗಿರಬಹುದು, ಜ್ವರ ಬರುತ್ತಿರಬಹುದು. ಕ್ಯಾನಿನಲ್ಲಿ ಹಾಲು ಇಳಿಯುವ ಮುಂಚೆಯೇ ಸುಳಿವು ಸಿಗುತ್ತದೆ. ಕಾಸಿನ ಖರ್ಚಿಲ್ಲ.

‘ಐದಕ್ಕೆ ಎದ್ದವರಿಗೆ ಆಟಕ್ಕೆಲ್ಲಿ ಪುರುಸೊತ್ತು?’ ಅನ್ನುತ್ತೀರಿ. ನಿಜವೇ. ಆದರೆ ಇದಕ್ಕೆ ಬೇರೆ ಹೊತ್ತು ಬೇಡ. ರಾತ್ರಿ ಮಲಗುವ ಮುಂಚೆ ಹೇಗೂ ಕೊಟ್ಟಿಗೆಗೆ ಒಂದು ಸುತ್ತು ಹೋಗುತ್ತೀರಲ್ಲ, ಆಗ ಒಂದು ನಿಮಿಷ ನಿಂತರೆ ಸಾಕು. ಆಗದ ದಿನ ಎಣಿಸುವ ಕೆಲಸ ಮಗಳಿಗೋ ಮಗನಿಗೋ ಕೊಡಿ.

ಬೆದೆಯ ವಿಷಯದಲ್ಲಂತೂ ಈ ಕುತೂಹಲ ನೇರವಾಗಿ ದುಡ್ಡು. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಒಂದು ದಿನದೊಳಗೆ ಲಕ್ಷಣಗಳು ಮಾಯವಾಗುತ್ತವೆ. ಎಷ್ಟೋ ಸಲ ಅವು ಕಾಣುವುದೇ ರಾತ್ರಿ ಇಲ್ಲವೇ ನಸುಕಿನಲ್ಲಿ. ಎಲ್ಲ ಹಸುವೂ ಕೂಗುವುದಿಲ್ಲ. ಸೋರುವ ಲೋಳೆ, ಬಿಟ್ಟ ಮೇವು, ಒಂದೇ ಹೊತ್ತು ಕಡಿಮೆಯಾದ ಹಾಲು, ಇವೆಲ್ಲ ‘ಇವಳ್ಯಾಕೆ ಇವತ್ತು ಹೀಗೆ?’ ಎಂದು ಕೇಳಿಕೊಂಡವಳ ಕಣ್ಣಿಗೆ ಬೀಳುತ್ತವೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ತಪ್ಪಿತೋ, ಇನ್ನೂ 21 ದಿನ ಮೇವು ದಂಡ.

ಮಕ್ಕಳಿಗೆ ಇನ್ನೊಂದು ಬುದ್ಧಿಯಿದೆ: ‘ಹೀಗೆ ಮಾಡಿದರೆ ಏನಾಗುತ್ತೆ?’ ದಿನಕ್ಕೆ ಎರಡೇ ಸಲ ನೀರು ಕುಡಿಸುವವರು ಒಂದು ವಾರ ಹಗಲೂ ರಾತ್ರಿ ಹಸುವಿನ ಮುಂದೆ ನೀರಿಟ್ಟು ನೋಡಿ. ಹಾಲಿನ ಲೀಟರ್ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಜೊತೆಗೆ ಹಿಂಡಿಯನ್ನೂ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೇವನ್ನು ಏಕಾಏಕಿ ಬದಲಿಸುವುದು ಮಾತ್ರ ಆಟವಲ್ಲ, ಹೊಟ್ಟೆ ಕೆಡುತ್ತದೆ.

ಪಶುವೈದ್ಯರು ಬಂದರೆ ‘ಯಜಮಾನರೆಲ್ಲಿ?’ ಅನ್ನುವುದು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಯಾವ ತಾರೀಕು ಬೆದೆ, ನಿನ್ನೆ ಎಷ್ಟು ಮೆಲುಕು, ನೀರು ಹೆಚ್ಚಿಸಿದ ಮೇಲೆ ಹಾಲೆಷ್ಟು ಎಂಬುದು ಯಜಮಾನರಿಗೆ ಗೊತ್ತಿರುವುದಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ತೆಗೆದುಕೊಂಡು ನೀವೇ ಮುಂದೆ ಬನ್ನಿ.