ನೂರನೇ ರಾಕೆಟ್ಟಿಗೆ ಚಪ್ಪಾಳೆ, ನಿಂತ ಗಡಿಯಾರಕ್ಕೆ ಮೌನ

ಇಸ್ರೋ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ದೇಶದ್ರೋಹಿ ಪಟ್ಟ ಗ್ಯಾರಂಟಿ. ಇರಲಿ, ಇವತ್ತು ಕೇಳಿಯೇ ಬಿಡ್ತೀನಿ.

2025ರ ಜನವರಿ 29ರಂದು ಶ್ರೀಹರಿಕೋಟಾದಿಂದ ನೂರನೇ ಉಡಾವಣೆ ಆಯ್ತು. ನಾವೆಲ್ಲ ಎದೆ ಉಬ್ಬಿಸಿದೆವು. ರಾಕೆಟ್ ತನ್ನ ಕೆಲಸ ಸರಿಯಾಗೇ ಮಾಡಿತು. ಆದರೆ ಅದು ಹೊತ್ತೊಯ್ದ ಎನ್‌ವಿಎಸ್-02 ಉಪಗ್ರಹ ತನ್ನ ಜಾಗ ತಲುಪಲೇ ಇಲ್ಲ. ಇಂಜಿನ್‌ಗೆ ಆಕ್ಸಿಡೈಸರ್ ಬಿಡುವ ಕವಾಟ ತೆರೆಯಲಿಲ್ಲವಂತೆ. ನೂರರ ಸಂಭ್ರಮ ನೆನಪಿರುವ ಎಷ್ಟು ಜನಕ್ಕೆ ಈ ಕವಾಟ ನೆನಪಿದೆ?

ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ, ಸೋಲು ಎಲ್ಲರಿಗೂ ಇದ್ದದ್ದೇ. ತಕರಾರು ನಾವು ಲೆಕ್ಕ ಹಾಕುವ ರೀತಿಯ ಬಗ್ಗೆ. ಚಂದ್ರಯಾನ ಒಮ್ಮೆ ಇಳಿದರೆ ಗೆದ್ದಂತೆ. ನಾವಿಕ್ ಹಾಗಲ್ಲ, ಅದು ಊರಿಗೆ ಬಿಟ್ಟ ಬಸ್ಸಿನ ಹಾಗೆ. ಮೊದಲ ದಿನ ಹೂವಿನ ಹಾರ ಹಾಕಿದರೆ ಸಾಲದು, ದಿನಾ ಓಡಬೇಕು.

ಈ ಬಸ್ಸಿನ ಜೀವ ಅದರ ಪರಮಾಣು ಗಡಿಯಾರ. ಸಮಯ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತೆ. 2013ರ ಜುಲೈಯಲ್ಲಿ ಮೊದಲ ಉಪಗ್ರಹ ಹಾರಿತು, 2016ರ ಏಪ್ರಿಲ್‌ಗೆ ಏಳೂ ಮೇಲಿದ್ದವು. 2017ರ ಜನವರಿಯಲ್ಲಿ ಸುದ್ದಿ ಬಂತು: ಮೊದಲನೆಯದರ ಮೂರೂ ಗಡಿಯಾರ ಕೆಟ್ಟಿವೆ! ಸ್ವಿಟ್ಜರ್ಲೆಂಡಿನಿಂದ ತರಿಸಿದ್ದವು ಅವು. ಬದಲಿ ಉಪಗ್ರಹ ಆಗಸ್ಟ್‌ನಲ್ಲಿ ಹೊರಟಿತು, ರಾಕೆಟ್ಟಿನ ಶಾಖಕವಚ ಬಿಚ್ಚದೆ ಒಳಗೇ ಉಳಿಯಿತು. 2018ರ ಏಪ್ರಿಲ್‌ನಲ್ಲಿ ಇನ್ನೊಂದು ಹೋಯಿತು. ಆಮೇಲೆ? 2023ರ ಮೇ ತನಕ, ಅಂದರೆ ಐದು ವರ್ಷ, ಒಂದೂ ಇಲ್ಲ.

ಯುರೋಪಿನ ಗೆಲಿಲಿಯೋದಲ್ಲೂ ಗಡಿಯಾರಗಳು ಕೆಟ್ಟಿದ್ದವು, ಅದೂ ಅದೇ ಸಮಯಕ್ಕೆ. ಅವರು 2017ರ ಡಿಸೆಂಬರ್‌ನಲ್ಲಿ ನಾಲ್ಕು, 2018ರ ಜುಲೈಯಲ್ಲಿ ಮತ್ತೆ ನಾಲ್ಕು ಉಪಗ್ರಹ ಹಾರಿಸಿದರು. 'ಅವರ ಹತ್ರ ದುಡ್ಡಿದೆ' ಅಂತೀರಾ? ಸರಿ. ಆದರೆ ದುಡ್ಡು ಕಮ್ಮಿ ಇರೋ ಮನೆಯವರು ಮಾಡು ಸೋರುವ ಮೊದಲೇ ಹೆಂಚು ಬದಲಿಸ್ತಾರೆ, ಅಲ್ವಾ?

ಫಲ ಏನಾಯ್ತು ನೋಡಿ. 2025ರ ಜುಲೈಯಲ್ಲಿ ಸರಕಾರ ಸಂಸತ್ತಿಗೆ ಹೇಳಿದ್ದು: ಈ ಯೋಜನೆಗೆ ಹಾರಿಸಿದ ಹನ್ನೊಂದರಲ್ಲಿ ಸ್ಥಾನ ತೋರಿಸುವ ಸೇವೆ ಕೊಡುತ್ತಿದ್ದವು ನಾಲ್ಕೇ ನಾಲ್ಕು. ಸ್ಥಾನ ಕಂಡುಹಿಡಿಯಲು ಕನಿಷ್ಠ ನಾಲ್ಕು ಬೇಕು. ಒಂದು ಕೈಕೊಟ್ಟರೆ ಕಥೆ ಮುಗೀತು.

ಎನ್‌ವಿಎಸ್ ಪೀಳಿಗೆಯಲ್ಲಿ ಒಳ್ಳೆಯದಿಲ್ಲವೇ? ಖಂಡಿತ ಇದೆ. 2023ರ ಎನ್‌ವಿಎಸ್-01ರಲ್ಲಿ ನಾವೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಸಾಮಾನ್ಯ ಜಿಪಿಎಸ್ ರಿಸೀವರ್‌ಗಳು ಬಳಸುವ ಎಲ್1 ತರಂಗಾಂತರವೂ ಇದೆ. ಮೊದಲ ಏಳರಲ್ಲಿ ಅದಿರಲಿಲ್ಲ. ಇದ್ದದ್ದು ಎಲ್5 ಮತ್ತು ಎಸ್ ಬ್ಯಾಂಡ್. ಜನರ ಜೇಬಿನ ಫೋನು ಹಿಡಿಯದ ಸಂಕೇತ ಊಟಕ್ಕಿಲ್ಲದ ಉಪ್ಪಿನಕಾಯಿ ತಾನೆ?

ಈ ಕೆಲಸ ಮಾಡಿದ ಎಂಜಿನಿಯರುಗಳ ಶ್ರಮಕ್ಕೆ ನಾವು ಕೊಡಬೇಕಾದ ಮರ್ಯಾದೆ ಬರೀ ಜೈಕಾರವಲ್ಲ. ಅಮೆರಿಕ ತನ್ನ ಜಿಪಿಎಸ್‌ನ ಯಾವ ಉಪಗ್ರಹ ಕೆಲಸ ಮಾಡುತ್ತಿದೆ, ಯಾವುದು ಇಲ್ಲ ಅಂತ ಬಹಿರಂಗವಾಗಿ ಹೇಳುತ್ತೆ. ಯುರೋಪೂ ಹೇಳುತ್ತೆ. ನಾವೂ ಪ್ರತಿ ಉಡಾವಣೆಯ ದಿನ ರಾಕೆಟ್ ಎಷ್ಟನೆಯದು ಅಂತ ಕೇಳುವುದರ ಜೊತೆಗೆ, ಮೇಲೆ ಓಡುತ್ತಿರುವ ಗಡಿಯಾರ ಎಷ್ಟು ಅಂತಲೂ ಕೇಳೋಣ.

ಏನಂತೀರಿ? ಬೈಯೋದಾದ್ರೂ ಸರಿ, ಕಾಮೆಂಟಿಸಿ :-)